ಮುಪ್ಪಿಗೊಂದು ಎಫ್.ಡಿ.

ಬಸವನಗುಡಿಯ ಗಂಡಸು ಐವತ್ತು ದಾಟಿದ ಮೇಲೆ ಎರಡರಲ್ಲೊಂದು ಹಿಡಿಯುತ್ತಾನೆ, ಗೀತಾ ಪ್ರವಚನ ಇಲ್ಲವೇ ಲಾಲ್‌ಬಾಗು. ನಮ್ಮ ರಾಯರು ಲಾಲ್‌ಬಾಗು ಹಿಡಿದರು. ಪ್ರವಚನಕ್ಕೆ ಹೋದರೆ ಇನ್ನೊಬ್ಬರ ಮಾತು ಕೇಳಬೇಕಾಗುತ್ತದೆ ಎಂಬುದೂ ಒಂದು ಕಾರಣವಿದ್ದೀತು.

ರಾಯರೆಂದರೆ ಇಂಥವರೇ ಎಂದು ಬೆರಳು ಮಾಡಿ ತೋರಿಸಬೇಕಿಲ್ಲ. ನಿಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ಬ್ಯಾಂಕಿನಲ್ಲಿ ಸೀನಿಯರ್ ಮ್ಯಾನೇಜರು, ರಿಟೈರಾಗಲು ಕೆಲವೇ ವರ್ಷ, ಮಗಳ ಮದುವೆಯಾಗಿದೆ, ಮನೆ ಸಾಲ ತೀರಿದೆ. ಚಿಂತೆ ಮಾಡಲು ಉಳಿದದ್ದು ಮೈಯೊಂದೇ. ಹೀಗಿರುವಾಗ ಡಾಕ್ಟರು ಇವರ ರಿಪೋರ್ಟು ನೋಡಿ, “ಎಚ್‌ಬಿಎ1ಸಿ 6.1 ಬಂದಿದೆ. ಸಕ್ಕರೆ ಕಾಯಿಲೆ ಅನ್ನೋ ಹಾಗಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ. ಈಗಿನಿಂದ ನಾಲ್ಕು ಒಳ್ಳೇ ಅಭ್ಯಾಸ ಮಾಡಿಕೊಂಡರೆ ಎಪ್ಪತ್ತರಲ್ಲಿ ಆರಾಮಾಗಿರುತ್ತೀರಿ” ಎಂದರು. ರಾಯರ ಕಿವಿಗೆ ಬಿದ್ದದ್ದು ಇಷ್ಟೇ: ಈಗ ಕಟ್ಟಿದರೆ ಆಮೇಲೆ ಬಡ್ಡಿ ಸಮೇತ ವಾಪಸು.

ಅಂದಿನಿಂದ ಅವರ ಆರೋಗ್ಯ ಲೆಡ್ಜರಿನಲ್ಲಿದೆ. ನಡೆದದ್ದು ಜಮಾ, ತಿಂದದ್ದು ಖರ್ಚು. ಲಾಲ್‌ಬಾಗಿನ ಪಶ್ಚಿಮದ ಗೇಟಿನಿಂದ ಒಳಹೊಕ್ಕು ಕೆರೆ ಸುತ್ತಿ ಬಂದರೆ ಇಷ್ಟು ಜಮಾ ಎಂದು ಅವರಿಗೆ ಬಾಯಿಪಾಠ. ಒಂದು ಗಂಟೆ ನಡೆದು ಕರಗಿಸಿದ್ದನ್ನು ಒಂದು ಮಸಾಲೆ ದೋಸೆ ಹತ್ತು ನಿಮಿಷದಲ್ಲಿ ಭರ್ತಿ ಮಾಡಿಬಿಡುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ, “ಅದು ಓವರ್‌ಡ್ರಾಫ್ಟು ಸ್ವಾಮಿ, ಹಳೇ ಗಿರಾಕಿಗೆ ಇರೋ ಸೌಲಭ್ಯ” ಎಂದು ಬಾಯಿ ಮುಚ್ಚಿಸಿದರು. ವಾರಕ್ಕೊಂದು ದಿನ ಮಾತ್ರ ಅವರ ಪಥ್ಯ ಬಲು ಕಟ್ಟುನಿಟ್ಟು. ಆ ದಿನ ಹೋಟೆಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಶುಕ್ರವಾರ. ಶುಕ್ರವಾರ ಲಕ್ಷ್ಮಿಯ ದಿನವೆಂದು ನಾವು ಬಹಳ ಕಾಲ ಗೌರವದಿಂದ ನಂಬಿದ್ದೆವು. 1943ರಿಂದ ಗಾಂಧಿ ಬಜಾರಿನಲ್ಲಿ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಎಂಬುದು ಆಮೇಲೆ ಹೊಳೆಯಿತು.

ಲೆಕ್ಕ ಬಲ್ಲವರಿಗೆ ಲೆಕ್ಕ ತಪ್ಪಿಸುವುದೂ ಗೊತ್ತಿರುತ್ತದೆ. ಮಾರ್ಚ್ 31ರ ರಾತ್ರಿ ಡೆಪಾಸಿಟ್ಟು ಉಬ್ಬಿಸಿ ತೋರಿಸಿ, ಏಪ್ರಿಲ್‌ನಲ್ಲಿ ಇಳಿಸಿಕೊಳ್ಳುವ ವಿದ್ಯೆ ಬ್ಯಾಂಕಿನವರಿಗೆ ಹೊಸದಲ್ಲ. ರಾಯರು ಅದನ್ನೇ ರಕ್ತಪರೀಕ್ಷೆಗೂ ಹೂಡಿದರು. ಪರೀಕ್ಷೆಗೆ ಮೂರು ದಿನ ಮೊದಲು ರಾತ್ರಿಯೂಟ ಬಂದ್, ಬೆಳಗ್ಗೆ ಮೆಂತ್ಯದ ನೀರು, ಕಾಫಿಗೆ ಸಕ್ಕರೆ ಇಲ್ಲ. ಬರಿಹೊಟ್ಟೆಯ ಸಕ್ಕರೆ ಚೆನ್ನಾಗಿಯೇ ಬಂತು. ಆದರೆ ಎಚ್‌ಬಿಎ1ಸಿ ಎನ್ನುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಮೂರು ದಿನದ ಉಪವಾಸಕ್ಕೆ ಅದು ಜಗ್ಗುವುದಿಲ್ಲ. “ಒಂದು ಬ್ಯಾಲೆನ್ಸು, ಇನ್ನೊಂದು ಸ್ಟೇಟ್‌ಮೆಂಟು. ಈ ಸ್ಟೇಟ್‌ಮೆಂಟ್ ಕಂಡುಹಿಡಿದವನು ಮೊದಲು ಆಡಿಟರ್ ಆಗಿದ್ದಿರಬೇಕು” ಎಂದು ರಾಯರು ನೊಂದುಕೊಂಡರು.

ಮಗಳು ಅಮೆರಿಕದಿಂದ ವಾಚು ಕಳಿಸಿದ ಮೇಲೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ವ್ರತ ಶುರುವಾಯಿತು. ಈ ಹತ್ತು ಸಾವಿರವನ್ನು ಯಾವ ಡಾಕ್ಟರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುವುದಕ್ಕೆ ಇಟ್ಟುಕೊಂಡ ಅಂಕಿ ಅದು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷದ ಚುರುಕು ನಡಿಗೆಯನ್ನು. ಇದನ್ನು ರಾಯರಿಗೆ ಹೇಳಿದರೆ, “ಮಿನಿಮಮ್ ಬ್ಯಾಲೆನ್ಸ್ ಇಟ್ಟು ಬದುಕೋ ಜನ ನಾವಲ್ಲ” ಎನ್ನುತ್ತಾರೆ. ರಾತ್ರಿ ಒಂಬತ್ತೂವರೆಗೆ ನಾನೂರು ಹೆಜ್ಜೆ ಕಡಿಮೆ ಬಿದ್ದರೆ ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಹಾಲಿಗೆ, ಧಾರಾವಾಹಿ ನೋಡುವವರ ಮುಂದೆಯೇ ಸವಾರಿ. ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಏನು ಮಾಡಿದಳೆಂಬುದು ಆ ಮನೆಯಲ್ಲಿ ಈವರೆಗೆ ಯಾರಿಗೂ ಪೂರ್ತಿ ತಿಳಿದಿಲ್ಲ. ಕೊನೆಗೊಂದು ದಿನ ಪೂಜೆಯ ಹೊತ್ತಿಗೆ ಅವರಿಗೆ ಜ್ಞಾನೋದಯವಾಯಿತು. ಬಲಗೈಯಲ್ಲಿ ಆರತಿ, ಎಡಗೈಯಲ್ಲಿ ಗಂಟೆ; ವಾಚಿರುವುದು ಎಡಗೈಯಲ್ಲಿ. ಗಂಟೆ ಅಲ್ಲಾಡಿಸಿದ್ದನ್ನೂ ಆ ವಾಚು ನಡಿಗೆ ಎಂದೇ ತಿಳಿಯುತ್ತಿತ್ತು. ಈಚೆಗೆ ರಾಯರ ಮನೆಯ ಮಂಗಳಾರತಿ ತುಸು ದೀರ್ಘವಾಗಿದೆ. ಪಕ್ಕದ ಮನೆಯ ಅಜ್ಜಿ ಇದನ್ನು ಭಕ್ತಿ ಎಂದೇ ತಿಳಿದು ಕಣ್ಣಿಗೊತ್ತಿಕೊಳ್ಳುತ್ತಾರೆ.

ನಡೆದರೆ ಸಾಲದು, ಭಾರವನ್ನೂ ಎತ್ತಬೇಕು ಎಂದು ಡಾಕ್ಟರು ಹೇಳಿದ್ದರು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಮಾಂಸಖಂಡ ಕರಗುತ್ತ ಹೋಗುತ್ತದಂತೆ. ರಾಯರ ಭಾಷೆಯಲ್ಲಿ ಇದು ಸರ್ವಿಸ್ ಚಾರ್ಜು, ಹೇಳದೆ ಕೇಳದೆ ಕಡಿಯುವಂಥದ್ದು. ಅದನ್ನು ತಡೆಯಲೆಂದು ಐದು ಕಿಲೋದ ಎರಡು ಡಂಬೆಲ್ಸ್ ಬಂದವು. ಮೊದಲ ದಿನ ಫೋಟೋ ತೆಗೆಸಿಕೊಂಡರು. ಬೇಸಿಗೆ ಬಂದಾಗ ಅವು ತಾರಸಿ ಸೇರಿದವು, ಸಂಡಿಗೆ ಹಾಕಿದ ಪಂಚೆ ಗಾಳಿಗೆ ಹಾರದಂತೆ ಮೂಲೆಗಿಡಲು. ಬೆಳಗ್ಗೆ ಎರಡನ್ನೂ ಹೊತ್ತುಕೊಂಡು ಮೆಟ್ಟಿಲು ಹತ್ತುವವರು, ಮಳೆಮೋಡ ಕಂಡರೆ ಓಡಿಹೋಗಿ ಇಳಿಸಿಕೊಂಡು ಬರುವವರು ಅವರ ಮನೆಯವರು. ಆಕೆ ಈಗಲೂ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಕೈಯೂರದೆ ಎದ್ದು ನಿಲ್ಲುತ್ತಾರೆ. ರಾಯರು ಸೋಫಾದಿಂದ ಏಳುವಾಗ ಮೂರು ದೇವರ ಹೆಸರು ಕೇಳಿಬರುತ್ತದೆ.

ಸಾರಿಗೆ ಉಪ್ಪು ಜಾಸ್ತಿ ಎಂದು ದಿನವೂ ಗೊಣಗುವ ಇದೇ ರಾಯರ ಜುಬ್ಬದ ಜೇಬಿನಲ್ಲಿ ಕಾಂಗ್ರೆಸ್ ಕಡ್ಲೆಬೀಜದ ಪೊಟ್ಟಣವಿರುತ್ತದೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಎಂಬ ನಿಯಮ ಅವರಿಗೆ ಗೊತ್ತು, ನಮಗೆ ಹೇಳಿಕೊಟ್ಟವರೂ ಅವರೇ. “ಇದು ಉಪ್ಪಲ್ಲ ಸ್ವಾಮಿ, ಪ್ರೋಟೀನು” ಎನ್ನುತ್ತ ಅಂಗೈಗೆ ನಾಲ್ಕು ಕಾಳು ಸುರಿಯುತ್ತಾರೆ.

ಇಷ್ಟೆಲ್ಲ ಆಡಿಕೊಂಡರೂ ನನಗೆ ರಾಯರ ಮೇಲೊಂದು ಗೌರವವಿದೆ. ಅವರಿಗೆ ನಿಜಕ್ಕೂ ಗುಣ ಕೊಡುತ್ತಿರುವುದು ವಾಚೂ ಅಲ್ಲ, ಮೆಂತ್ಯವೂ ಅಲ್ಲ, ಉಪದೇಶ. ಉಪದೇಶ ಮಾಡಲು ಜನ ಬೇಕು, ಜನ ಬೇಕಾದರೆ ಮನೆ ಬಿಟ್ಟು ಹೊರಡಬೇಕು. ಮೂರನೇ ಮಹಡಿಯ ನಿವೃತ್ತ ಮೇಷ್ಟ್ರಿಗೆ ಪ್ರಾಣಾಯಾಮ ಹೇಳಿಕೊಡಲು ದಿನಾ ಸಂಜೆ ಮೆಟ್ಟಿಲು ಹತ್ತುತ್ತಾರೆ, ಅವರು ಬೇಡವೆಂದರೂ. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರದ ಬಂಡೆ ಹತ್ತಿ ಕೂತು, ಕೆಳಗಿರುವ ಕಲ್ಲಿಗೆ ಸುಮಾರು ಮುನ್ನೂರು ಕೋಟಿ ವರ್ಷ ಎಂಬುದನ್ನು ಮರೆತು, ಸುತ್ತ ಕೂತವರಿಗೆ ದೀರ್ಘಾಯುಷ್ಯದ ಗುಟ್ಟು ಹೇಳುತ್ತಾರೆ. ಯಾರಾದರೂ ಎರಡು ದಿನ ಕಾಣದಿದ್ದರೆ ಫೋನು ಮಾಡುವವರು ಇವರೇ. ಈ ಜಮೆಯನ್ನು ಅವರು ಲೆಡ್ಜರಿಗೆ ಏರಿಸಿಲ್ಲ. ಏರಿಸಿದರೆ ಅದಕ್ಕೂ ಒಂದು ದೋಸೆ ಡ್ರಾ ಮಾಡಿಯಾರು, ಹಾಗಾಗಿ ನಾನೂ ಹೇಳಲು ಹೋಗಿಲ್ಲ.

ಮೊನ್ನೆ ಒಂದು ಮದುವೆಯಲ್ಲಿ ಸಿಕ್ಕರು. ಊಟದ ಹಾಲಿನ ಬಾಗಿಲಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಿದ್ದೆವು. ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲಲಾಗದ ಐವತ್ತು ದಾಟಿದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಸಂಭವ ಹೆಚ್ಚು ಎಂದು ಬ್ರೆಜಿಲಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ್ದಾರೆ. ರಾಯರಿಗೆ ಅದು ವಾಟ್ಸಾಪಿನಲ್ಲಿ ಬಂದಿತ್ತು. ಅಲ್ಲಿ ಬಂದದ್ದರಲ್ಲಿ ನಿಜವಾದ ಅಪರೂಪದ ಸುದ್ದಿ. “ಸುಮ್ಮನೆ ನಿಂತಿರೋ ಬದಲು ನೋಡೇಬಿಡೋಣ” ಎಂದು ಎಲ್ಲರಿಗೂ ಒಂದು ಕಾಲು ಎತ್ತಿಸಿ, ವಾಚು ನೋಡುತ್ತ ತಾವೂ ಎತ್ತಿದರು. ರೇಷ್ಮೆ ಪಂಚೆಯ ಏಳೆಂಟು ಹಿರಿಯರು ಬಾಗಿಲಿಗಡ್ಡ ಒಂಟಿಕಾಲಲ್ಲಿ. ಎಲೆ ಕಟ್ಟು ಹಿಡಿದು ಬಂದ ಬಡಿಸುವ ಹುಡುಗ ದಾರಿ ಕಾಣದೆ ನಿಂತು, “ಇದು ಯಾವ ಶಾಸ್ತ್ರ ಸಾರ್, ಗಂಡಿನ ಕಡೆಯದಾ?” ಎಂದ.

ಅಷ್ಟರಲ್ಲಿ ಪಂಕ್ತಿ ಎದ್ದಿತು. ಹಿಂದೆ ಎರಡೂ ಕಾಲೂರಿ ನಿಂತಿದ್ದವರೆಲ್ಲ ನುಗ್ಗಿ ಎಲೆ ಹಿಡಿದರು. ರಾಯರ ಮನೆಯವರೂ ಅವರಲ್ಲಿ ಒಬ್ಬರು. “ರೀ, ಕಾಲಿಳಿಸಿ ಬನ್ರೀ” ಎಂದು ಕರೆದರು. ರಾಯರು ಏಳನೇ ಸೆಕೆಂಡಿನಲ್ಲಿದ್ದರು.

ಮೂರನೇ ಪಂಕ್ತಿಗೆ ಕೂತಾಗ ಒಬ್ಬಟ್ಟು ಖಾಲಿಯಾಗಿತ್ತು. ಬೆಲ್ಲದ ಒಬ್ಬಟ್ಟು ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲವೆಂದೂ, ಮೇಲೆ ತುಪ್ಪ ಹಾಕಿಕೊಂಡರೆ ಅದು ರಕ್ತಕ್ಕೆ ನಿಧಾನ ಸೇರುತ್ತದೆಂದೂ ಆಗಲೇ ನನಗೆ ವಿವರಿಸಿ ಮುಗಿಸಿದ್ದರು. ಹುಡುಗ ಕೈಚೆಲ್ಲಿದ.

“ಜಹಾಂಗೀರ್ ಇದೆ ಸಾರ್. ಆದರೆ ಪೂರಾ ಸಕ್ಕರೆ ಪಾಕ. ನಿಮಗಾಗಲ್ವೇನೋ...”

ರಾಯರು ಎಲೆಯ ತುದಿಗೆ ನೀರು ಚಿಮುಕಿಸಿ ಒರೆಸಿದರು.

“ಎರಡು ಹಾಕಪ್ಪ. ಸ್ಯಾಂಪಲ್ ತಗೊಳ್ಳದೆ ರಿಪೋರ್ಟ್ ಹೇಗೆ ಕೊಡೋದು?”