ಧಾವನಪಥದೊಡನೆ ಒಂದು ಸಾಯಂಕಾಲ

ಬಬಲೇಶ್ವರದಿಂದ ಬಸ್ಸು ಹಿಡಿದು ವಿಜಯಪುರಕ್ಕೆ ಬಂದು, ಅಲ್ಲಿಂದ ಬುರಣಾಪುರ-ಮದಭಾವಿಯ ಬಯಲನ್ನು ಸೇರಿ, 2025ರ ಬೇಸಿಗೆಯ ಒಂದು ಸಂಜೆ, ಮೂರು ಸಾವಿರ ಮೀಟರಿಗೂ ಮಿಗಿಲಾದ ದೇಹವನ್ನು ಚಾಚಿ, ಇಳಿಯಬೇಕಾದವರ ನಿರೀಕ್ಷೆಯಲ್ಲಿ ಗಗನವನ್ನೇ ದಿಟ್ಟಿಸುತ್ತ ಮಲಗಿದ್ದ ವಿಮಾನನಿಲ್ದಾಣದ ಧಾವನಪಥವನ್ನು ನಾನು ಕಂಡು ಮಾತನಾಡಿಸಿದೆನು. ಶಿಷ್ಟಾಚಾರಕ್ಕೆಂದು ‘ಧಾವನಪಥ ಮಹಾಶಯರೇ’ ಎಂದುದಕ್ಕೆ, “ಮಂದಿ ರನ್‌ವೇ ಅಂತಾರ್ರೀ, ಅಷ್ಟ ಸಾಕು” ಎಂದು ಅದು ಸಂಕೋಚಪಟ್ಟಿತು.

“ಕ್ಷೇಮವೇ?”

“2021ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು. ಮೊದಲು ಎಟಿಆರ್ 72 ಎಂಬ ಕಿರಿಯ ವಿಮಾನಕ್ಕೆ ಸಾಲುವಷ್ಟೇ ನನ್ನನ್ನು ಎಣಿಸಿದ್ದರು. ಬಳಿಕ ಏರ್‌ಬಸ್ 320 ಬರಲೆಂದು ಹಿಗ್ಗಿಸಿದರು. ಕಿರಿದೂ ಬರಲಿಲ್ಲ, ಹಿರಿದೂ ಬರಲಿಲ್ಲ, ನಾನು ಮಾತ್ರ ಉದ್ದವಾದೆ. ಗೋಳಗುಮ್ಮಟದಲ್ಲಿ ಆಡಿದ ಮಾತು ಏಳು ಸಲ ಮರಳುವುದಂತೆ. ನನ್ನ ಉದ್ಘಾಟನೆಯ ಮಾತೂ ಆ ಗುಮ್ಮಟದ ನೆಂಟನೇ ಇರಬೇಕು.”

“ಕಲಬುರಗಿಯ ನಿಲ್ದಾಣ ನಿಮಗೆ ಎಷ್ಟು ದೂರ?”

ಈ ಪ್ರಶ್ನೆಗೆ ಅದರ ಮುಖ ಅರಳಿತು.

“ಭೀಮಾನದಿಯನ್ನು ದಾಟಿ ಹಕ್ಕಿಯ ಹಾದಿಯಲ್ಲಿ ಸುಮಾರು 140 ಕಿಲೋಮೀಟರು. ಗಂಟೆಗೆ 500 ಕಿಲೋಮೀಟರು ಹಾರುವ ಎಟಿಆರಿಗೆ ಹದಿನೇಳು ನಿಮಿಷ. ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆಯನ್ನು ಉದಾರವಾಗಿ ಸೇರಿಸಿದರೂ ಮುಕ್ಕಾಲು ಗಂಟೆಯ ಮಾತು! ಸಿಂದಗಿ, ಜೇವರ್ಗಿಗಳ ಮೇಲೆ ಹಾಯ್ದು ಹೋಗುವ ನಿಮ್ಮ ಬಸ್ಸಿಗಾದರೋ ಅರ್ಧ ದಿನ.”

“ಆ ವಿಮಾನ ಯಾವಾಗ ಹೊರಡುವುದು?”

“ಅದು ಲೆಕ್ಕ. ಲೆಕ್ಕಕ್ಕೆ ವಿಮಾನ ಬೇಕೇನ್ರೀ?”

ಕಲಬುರಗಿಯ ನಿಲ್ದಾಣವು 2019ರ ನವೆಂಬರಿನಲ್ಲಿಯೇ ತೆರೆದುದೆಂದು ನಾನು ಜ್ಞಾಪಿಸಿದೆನು. ಕಿರಿಯಳ ಮದುವೆ ಮೊದಲಾದ ಮನೆಯ ಹಿರಿಯಳಂತೆ ಅದು ಒಂದು ಕ್ಷಣ ಮೌನವಾಗಿ, ಅನಂತರ ಗುಟ್ಟೊಂದನ್ನು ಒಪ್ಪಿಸಿತು: ಇಂತಹ ಎರಡು ಸಣ್ಣ ನಿಲ್ದಾಣಗಳು ಒಂದನ್ನೊಂದು ನೋಡುವುದೇ ಇಲ್ಲ, ಎರಡೂ ಬೆಂಗಳೂರಿಗೇ ಮುಖಮಾಡಿರುತ್ತವೆ. ಹಾಗಾಗಿ ವಿಜಯಪುರದವನು ವಿಮಾನದಲ್ಲಿಯೇ ಕಲಬುರಗಿಗೆ ಹೋಗುವೆನೆಂದು ಹಟ ಹಿಡಿದರೆ, ದಕ್ಷಿಣಕ್ಕೆ 450 ಕಿಲೋಮೀಟರಿಗೂ ಮೀರಿ ಹಾರಿ, ದೇವನಹಳ್ಳಿಯಲ್ಲಿ ದುಬಾರಿ ಕಾಫಿ ಕುಡಿದು, ಮತ್ತೆ ಅಷ್ಟೇ ದೂರ ಉತ್ತರಕ್ಕೆ ಹಾರಬೇಕಾದೀತು. 140ನ್ನು 900ರಿಂದ ತುಂಬಿಸುವ ಈ ವಿದ್ಯೆಯನ್ನು ಕೇಳಿದ ಮೇಲೆ, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಎಷ್ಟು ಕುಲುಕಿದರೂ ಬೆಂಗಳೂರಿನ ಕಡೆಗೆ ತಿರುಗಿ ನಮಸ್ಕರಿಸದೆ ನೆಟ್ಟಗೆ ಊರು ಮುಟ್ಟಿಸುವುದೆಂಬ ಗೌರವವು ನನ್ನಲ್ಲಿ ಹೆಚ್ಚಿತು.

“ತಿಕೋಟಾದ ದ್ರಾಕ್ಷಿಯನ್ನಾದರೂ ಒಯ್ಯುವಿರಾ?”

“ಒಯ್ಯದೆ? ಹಸಿಯದನ್ನು ಇಳಿಹೊತ್ತಿನೊಳಗೆ ಮಹಾನಗರಕ್ಕೆ!”

“ಬೆಳೆದವರು ಆಗಲೇ ಒಣಹಾಕಿಬಿಟ್ಟಿದ್ದಾರೆ.”

“ಜಾಣರು. ನನ್ನನ್ನು ಕಾದಿದ್ದರೂ ಒಣಗುತ್ತಿತ್ತು. ಶೆಡ್ಡಿನ ಖರ್ಚು ಉಳಿಯುತ್ತಿತ್ತು.”

ಹೊತ್ತು ಇಳಿದಿತ್ತು. ನಾನು ಚೀಲವನ್ನು ಹೆಗಲಿಗೇರಿಸಿದುದನ್ನು ಕಂಡು ಅದು ಕುತೂಹಲದಿಂದ ವಿಚಾರಿಸಿತು:

“ಊರು ಮುಟ್ಟಲು ನಿಮಗೆಷ್ಟು ಹೊತ್ತು?”

“ವಿಜಯಪುರದಿಂದ ಬಬಲೇಶ್ವರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಬಸ್ಸು ಬಂದರೆ, ಮುಕ್ಕಾಲು ಗಂಟೆ.”

“ಬಂದರೆ!” ಎಂದಿತು ಅದು, ಬಹುಕಾಲದ ಮೇಲೆ ತನ್ನ ಭಾಷೆಯವನೊಬ್ಬನು ಸಿಕ್ಕಿದಂತೆ, ಮತ್ತೆ ನಾನು ಬೇಲಿಯನ್ನು ದಾಟುವವರೆಗೂ ಹಿಂದಿನಿಂದ ನಗುವು ಕೇಳಿಬರುತ್ತಲೇ ಇದ್ದಿತು.