ಸುಣ್ಣದ ಗೆರೆಯ ಅರಮನೆ

ಹಾಲ್ಕುರಿಕೆಯಲ್ಲಿ ಮನೆ ಕಟ್ಟಬೇಕಾದರೆ ಕಾನೂನಿನ ಪ್ರಕಾರ ಪಂಚಾಯಿತಿ ಒಪ್ಪಬೇಕು. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಲ್ಲಿ ಹಾಗಿದೆ. ಇ-ಸ್ವತ್ತಿನಲ್ಲಿ ನಮೂನೆ 9, 11-ಎ ತೆಗೆಸಿದೆ, ಕಂದಾಯ ಕಟ್ಟಿದೆ, ಲೈಸೆನ್ಸ್ ಬಂತು. ಊರೂ ಒಪ್ಪಬೇಕೆಂದು ಯಾವ ಪ್ರಕರಣದಲ್ಲೂ ಬರೆದಿಲ್ಲ. ಗೊತ್ತಿರುವುದನ್ನು ಬರೆಯುವುದೇಕೆ ಅಂತ ಬಿಟ್ಟಿರಬೇಕು.

ಮೊದಲು ಆಕ್ಷೇಪಣೆ ಎತ್ತಿದವರು ಗಾರೆ ಮೇಸ್ತ್ರಿ. ಬೆಂಗಳೂರಿನ ಎಂಜಿನಿಯರು ಬರೆದುಕೊಟ್ಟ 30-40ರ ಪ್ಲ್ಯಾನನ್ನು ತಲೆಕೆಳಗಾಗಿಯೇ ಹಿಡಿದು, "ಕಾಕಾಯ ಬತ್ತದೆ ಸಾರ್" ಎಂದರು. ಉದ್ದ, ಅಗಲ ಗುಣಿಸಿ, ಅದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಬೇಕು. ಶೇಷ ಒಂದಾದರೆ ಧ್ವಜಾಯ, ಮೂರಾದರೆ ಸಿಂಹಾಯ, ಐದಾದರೆ ವೃಷಭಾಯ, ಏಳಾದರೆ ಗಜಾಯ. ನಡುವೆ ಹೊಗೆ, ನಾಯಿ, ಕತ್ತೆ ಕಾದಿರುತ್ತವೆ. ಶೇಷವೇ ಉಳಿಯದಿದ್ದರೆ ಕಾಗೆ. ಒಂಬತ್ತರಿಂದ ಗುಣಿಸಿದರೂ ಬಿಟ್ಟರೂ ಶೇಷ ಅದೇ ಬರುತ್ತದೆಂದು ಲೆಕ್ಕ ಮಾಡಿ ತೋರಿಸಿದೆ. ಮೇಸ್ತ್ರಿ ಮರುಕದಿಂದ ನೋಡಿದರು. "ಹಂಗಂತ ಬುಟ್ಬುಡಕ್ಕಾಯ್ತದಾ?" ಕೊನೆಗೆ 31-41ಕ್ಕೆ ಇತ್ಯರ್ಥವಾಯಿತು: 1,271, ಶೇಷ ಏಳು, ಗಜಾಯ. ಅಂಚಿನಿಂದ ಅಂಚಿಗೆ ಕಟ್ಟಿರುವ ಬೆಂಗಳೂರಿನ ಥರ್ಟಿ-ಫಾರ್ಟಿಗಳೆಲ್ಲ ಕಾಗೆಗಳೇ ಎಂಬ ಜ್ಞಾನ ಮಾತ್ರ ನನಗೆ ಲಾಭ.

ಮಾರ್ಕಿಂಗ್ ದಿನ ಸುಣ್ಣದಲ್ಲಿ ಗೆರೆ ಎಳೆದರು. ಗೋಡೆ ಇರುವಲ್ಲಿ ಗೆರೆ, ಬಾಗಿಲು ಬರುವಲ್ಲಿ ಖಾಲಿ. ಅಷ್ಟಕ್ಕೇ ನಾನು ಮನೆ ಯಜಮಾನನಾಗಿಬಿಟ್ಟೆ. ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಎಂದಿನ ದಾರಿಯಲ್ಲೇ ಹಾಲ್‌ನ ಗೋಡೆ ತೂರಿಕೊಂಡು ಬಂದರು. "ಅಜ್ಜಿ, ಬಾಗಿಲು ಆ ಕಡೆ!" ಎಂದು ಕೂಗಿದೆ. ಆ ಪುಣ್ಯಾತ್ಗಿತ್ತಿ ಹಿಂದಕ್ಕೆ ಹೋಗಿ, ಹೊರೆ ಇಳಿಸಿ, ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಬಂದರು. ಅಲ್ಲಿಂದಾಚೆ ಊರಿನವರ್ಯಾರೂ ಗೋಡೆ ದಾಟಲಿಲ್ಲ. ಎಲೆಅಡಿಕೆ ಜಗಿಯುತ್ತ ನಿಂತಿದ್ದವರಿಗೆ "ನೀವು ನಿಂತಿರೋದು ಬಾತ್‌ರೂಮು" ಎಂದೆ. ಬೆಚ್ಚಿದರು. ಬಾತ್‌ರೂಮಿನಿಂದ ಬೆಡ್‌ರೂಮಿಗೆ, ಅಲ್ಲಿಂದ ಹಾಲಿಗೆ, ಹಾಲಿನಿಂದ ಮುಂಬಾಗಿಲಿಗೆ ನಡೆದು, ಹೊರಗೆ ಹೋಗಿ ಉಗಿದು, ಅದೇ ದಾರಿಯಲ್ಲಿ ವಾಪಸು ಬಂದು ಬಾತ್‌ರೂಮಿನಲ್ಲೇ ನಿಂತರು. ನೆರಳಿದ್ದದ್ದು ಅಲ್ಲೇ. ಓಪನ್ ಕಿಚನ್‌ನಲ್ಲಿ ನಿಂತ ಹೆಂಗಸರು ಇಲ್ಲದ ಒಗ್ಗರಣೆಗೆ ಕೆಮ್ಮಿ ತೋರಿಸಿ, ಅಲ್ಲೊಂದು ಗೋಡೆ ಮಂಜೂರು ಮಾಡಿದರು. ಆಯದಲ್ಲಿ ತಪ್ಪಿಸಿಕೊಂಡಿದ್ದ ಶ್ವಾನ ಮಾಸ್ಟರ್ ಬೆಡ್‌ರೂಮಿಗೆ ಬಂದು ಮಲಗಿತು. ನಾನು ಕಾಫಿ ತರಿಸಿ, ಹಾಲ್‌ನಲ್ಲಿ ಕೂತವರಿಗೆ ಮಾತ್ರ ಕೊಟ್ಟೆ.

ತಿಪಟೂರಿನಿಂದ ಬಂದ ನೆಂಟರೊಬ್ಬರು ಎಲಿವೇಶನ್ ಡಲ್ಲಾಯಿತು ಎಂದರು. ಅವರ ಮನೆಯ ಮುಂದೆ ನೇರಳೆ ದೀಪ, ಕನ್ನಡಿ ಗಾಜು, ಸ್ಟೀಲ್ ಕಂಬಿ ಎಲ್ಲವೂ ಇವೆ. ಕೂರಲು ಜಗಲಿ ಇಲ್ಲ. ಅವರಿಗೆ ಎರಡನೇ ಲೋಟ ಕಾಫಿ ಕೊಡಲಿಲ್ಲ.

ಆಗ ಅಜ್ಜಿ ಮೇಲೆ ನೋಡಿ, ಎಂದರೆ ಆಕಾಶ ನೋಡಿ, "ಅಟ್ಟ ಎಲ್ಲಪ್ಪ?" ಎಂದರು.

ಅಟ್ಟ ಇರಲಿಲ್ಲ. ಎಂಜಿನಿಯರು ಅಲ್ಲಿ 'ಡಬಲ್ ಹೈಟ್' ಇಟ್ಟಿದ್ದರು. ಕೊಬ್ಬರಿ ಸೀಮೆಯಲ್ಲಿ ಮನೆಯೆಂದರೆ ಅಟ್ಟ. ಉಳಿದ ಜಾಗದಲ್ಲಿ ಮನುಷ್ಯರು ಹೊಂದಿಕೊಳ್ಳುತ್ತಾರೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ವರ್ಷ ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅದಕ್ಕೆ ಕೆಳಗಿನಿಂದ ಗಾಳಿಯಾಡಬೇಕು, ಹಾಗಾಗಿ ಅಟ್ಟದ ದಬ್ಬೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ನೆಲದ ತೇವ ಹತ್ತಿದರೆ ಕಾಯಿ ಕೊಳೆಯಿತೆಂದೇ ಲೆಕ್ಕ. ಡಬಲ್ ಹೈಟ್‌ನಿಂದ ಮನೆಗೆ ಬೆಳಕು ಬರುತ್ತದೆ ಎಂದೆ. "ಬೆಳಕ್ನ ತಿಪ್ಟೂರ್ ಮಾರ್ಕೆಟ್ಗೆ ಹಾಕಿಯಾ?" ಎಂದರು ಅಜ್ಜಿ. ಉಂಡೆ ಕೊಬ್ಬರಿಗೆ 2025ರ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು. ಡಬಲ್ ಹೈಟ್‌ಗೆ ಯಾರ ಬೆಂಬಲವೂ ಸಿಗಲಿಲ್ಲ.

ಅಷ್ಟು ಹೊತ್ತೂ ಸಿಟ್-ಔಟ್‌ನಲ್ಲಿ ಸುಮ್ಮನೆ ಕೂತಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟರು. "ಅಟ್ಟ ಕಟ್ತೀಯ ಸರಿ. ಕಾಯಿ ಎತ್ತಿ ಹಾಕೋರ್ಯಾರು? ನಿನ್ ಮಗ ಬತ್ತಾನಾ?" ಮಗ ಪುಣೆಯಲ್ಲಿದ್ದಾನೆ, ಯುಗಾದಿಗೆ ಬರುತ್ತಾನೆ ಎಂದೆ. "ಆ ಬೀದೀಲಿ ಒಳ್ಳೊಳ್ಳೆ ಮನೆ ಕಟ್ಟವ್ರೆ. ಎಲ್ಲಾದ್ಕೂ ಬೀಗ. ವರ್ಸಕ್ಕೊಂದ್ಸಲ ತೆಗ್ದು ಜೇಡರ ಬಲೆ ಹೊಡ್ಯಕ್ಕೂ ಆಳು ಸಿಕ್ಕಲ್ಲ." ಯಾರೂ ಮಾತಾಡಲಿಲ್ಲ. ನಾಯಿ ಎದ್ದು ಗೋಡೆ ದಾಟಿ ಹೋಯಿತು. ನಾನೂ ತಡೆಯಲಿಲ್ಲ.

ಆದರೂ ಅಟ್ಟ ಬೇಕೆಂದು ಎಂಜಿನಿಯರಿಗೆ ಫೋನ್ ಮಾಡಿದೆ. ವಾಸದ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಹಿಡಿದಿದ್ದೇನೆ, ಮೇಲೆ ಏನಿಡುತ್ತೀರಿ ಎಂದು ಕೇಳಿದರು.

"ಕಾಯಿ."

"ಎಷ್ಟು?"

"ಒಂದು 10,000."

ಸಿಪ್ಪೆ ಸಮೇತ ಕಾಯಿಗೊಂದು ಕೆಜಿ ಎಂದರೂ ಹತ್ತು ಟನ್. ಆ ಕಡೆ ಕ್ಯಾಲ್ಕುಲೇಟರ್ ಒತ್ತಿದ ಸದ್ದು, ಆಮೇಲೆ ನಿಟ್ಟುಸಿರು. "ಸಾರ್, ನಿಮ್ಮ ಬೆಡ್‌ರೂಮಿನ ಮೇಲೆ ಎರಡು ಆನೆ ನಿಲ್ಲಿಸಿದಂಗೆ ಇದು!"

ಆಗದು ಎಂದನಪ್ಪ ಎಂದು ಮೇಸ್ತ್ರಿಗೆ ವರದಿ ಒಪ್ಪಿಸಿದೆ. ಅವರು ದಾರ ಸುತ್ತುತ್ತಲೇ, "ಮತ್ತೆ ಗಜಾಯ ಅಂದ್ರೇನ್ ಸಾರ್?" ಎಂದರು.