ಬೈರಾಸಿನ ಮೇಲೆ ಹದವಾದ ಕೋಪ

1921ರಲ್ಲಿ ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನ ಸಾರೋಟನ್ನು ತಾವೇ ಎಳೆದು ರೈಲ್ವೆ ಸ್ಟೇಷನ್ನಿಗೆ ಮುಟ್ಟಿಸಿದರು. ತತ್ತ್ವಶಾಸ್ತ್ರದ ಮೇಷ್ಟ್ರುಗಳ ವಾಹನಯೋಗ ಅಲ್ಲಿಗೆ ಮುಗಿಯಿತು. ನನ್ನದೇನಿದ್ದರೂ ಬಸ್ಸು. ಬಂಟ್ವಾಳದಲ್ಲಿ ಅರೆಕಾಲಿಕ, ಬೆಳ್ತಂಗಡಿ ಕಡೆ ಖಾಯಂ, ನಿವೃತ್ತಿಯ ಮೇಲೆ ಮೂಡುಬಿದಿರೆಯಲ್ಲಿ ಅತಿಥಿ ಭಾಷಣಕಾರ. ವೃತ್ತಿಜೀವನವೆಂದರೆ ಇಷ್ಟೇ, ನಡುನಡುವೆ ಟಿಕೆಟ್ಟು.

ಕಲಿಸಿದ್ದು ಸದ್ಗುಣದ ನೀತಿಶಾಸ್ತ್ರ. 1958ರಲ್ಲಿ ಎಲಿಜಬೆತ್ ಆನ್ಸ್‌ಕೋಂಬ್ ಒಂದು ಲೇಖನ ಬರೆದು, ಕರ್ತವ್ಯ ಕರ್ತವ್ಯ ಎನ್ನುತ್ತಿದ್ದ ತತ್ತ್ವಜ್ಞಾನಿಗಳ ಕಿವಿ ಹಿಂಡಿದರು. 1981ರಲ್ಲಿ ಮ್ಯಾಕಿಂಟೈರ್ ಇಡೀ ಪುಸ್ತಕವನ್ನೇ ಬರೆದು ಅರಿಸ್ಟಾಟಲನನ್ನು ವಾಪಸು ಕರೆತಂದರು. ಆ ಪುಣ್ಯದಲ್ಲಿ ನಮ್ಮ ಮನೆಯ ಗಂಜಿ ಬೆಂದಿತು. ತಪಾಸಣಾ ತಂಡ ಬಂದಾಗಲೆಲ್ಲ ಕಾಲೇಜಿಗೆ ನನ್ನ ನೆನಪಾಗುತ್ತಿತ್ತು. ಮೌಲ್ಯ ಇದ್ದರೆ ಸಾಲದು, ಜಿಯೋಟ್ಯಾಗ್ ಆದ ಫೋಟೊ ಬೇಕು. ಪ್ರಾಮಾಣಿಕತೆಯ ಅಕ್ಷಾಂಶ ರೇಖಾಂಶ ಎಲ್ಲಿಂದ ತರುವುದು? ತಂದೆವು. ನಾನು ಹೊರಬಿದ್ದ ಮೇಲೆ ವಿಭಾಗವನ್ನೇ ಮುಚ್ಚಿದರು. ಮಕ್ಕಳು ಸೇರುವುದಿಲ್ಲ ಎಂದರು, ಸುಳ್ಳಲ್ಲ. ಆ ಕೋಣೆಯಲ್ಲೀಗ ಝೆರಾಕ್ಸ್ ಯಂತ್ರ. ಒಳ್ಳೆಯ ಮನುಷ್ಯ ಯಾರು ಎಂದು ಹದಿನೆಂಟರ ಹುಡುಗಿಯೊಬ್ಬಳು ಎದ್ದು ನಿಂತು ಜಗಳವಾಡುತ್ತಿದ್ದ ಜಾಗ ಅದು. ಇರಲಿ, ಬಸ್ಸಿಗೆ ಬರೋಣ.

ಆ ದಿನ ಮೂಡುಬಿದಿರೆಯಲ್ಲಿ ನನ್ನ ಭಾಷಣ ಕೋಪದ ಬಗ್ಗೆಯೇ. ಅರಿಸ್ಟಾಟಲನಿಗೆ ಸಿಟ್ಟು ಬಾರದವನು ಸಾಧುವಲ್ಲ, ಪೆದ್ದ. ಸಿಟ್ಟು ಬರಬೇಕು, ಆದರೆ ತಕ್ಕ ವ್ಯಕ್ತಿಯ ಮೇಲೆ, ತಕ್ಕ ಕಾರಣಕ್ಕೆ, ತಕ್ಕ ರೀತಿಯಲ್ಲಿ, ತಕ್ಕ ಹೊತ್ತಿಗೆ, ತಕ್ಕಷ್ಟು ಕಾಲ. ಶಾಲು ಹೊದೆಸಿಕೊಂಡು ಬೆಳ್ತಂಗಡಿ ಬಸ್ಸು ಹತ್ತಿದರೆ ಖಾಲಿ ಇದ್ದದ್ದು ಒಂದೇ ಸೀಟು. ಅದರ ಮೇಲೊಂದು ಬೈರಾಸು, ಅಂದರೆ ಹೆಗಲ ಮೇಲಿನ ಟವೆಲು.

ಚೌಕುಳಿ ಬೈರಾಸು. ಮೂಲೆಯಲ್ಲಿ ಅಡಿಕೆ ಚೊಗರಿನ ಕಲೆ, ಅಂಚಿನ ದಾರ ಬಿಚ್ಚಿದೆ. ಕಿಟಕಿಯಿಂದ ಎಸೆದು ಸೀಟು ಹಿಡಿದವನ ಪತ್ತೆಯಿಲ್ಲ. ನನಗೆ ಸಿಟ್ಟು ಬಂತು. ಸಂತೋಷವೂ ಆಯಿತು, ಎಂಥ ಒಳ್ಳೆಯ ಉದಾಹರಣೆ! ಮೊದಲು ವ್ಯಕ್ತಿ. ಎಸೆದವನ ಮೇಲೋ, ಎಸೆದದ್ದನ್ನು ದಾನಪತ್ರದಂತೆ ಮನ್ನಿಸುವ ಪ್ರಯಾಣಿಕರ ಮೇಲೋ? ಬೈರಾಸಿನ ಮೇಲೆಯೇ ಸಿಟ್ಟಾಗಬಹುದೇ? ಅದಕ್ಕೆ ಸ್ವಂತ ಸಂಕಲ್ಪವಿಲ್ಲ. ಆದರೂ ಅದು ಬಿದ್ದುಕೊಂಡಿದ್ದ ಠೀವಿ ನೋಡಿದರೆ ಅನುಮಾನ. ಇನ್ನು ರೀತಿ. ಅದನ್ನೆತ್ತಿ ಕಿಟಕಿಯ ಸರಳಿಗೆ ಸಿಕ್ಕಿಸಿದರೆ ಸೌಮ್ಯವೋ, ಹೇಡಿತನವೋ? ಅದರ ಮೇಲೇ ಕೂತರೆ ಧೈರ್ಯವೋ, ಹುಂಬತನವೋ? "ಕುಲ್ಲುಲೆ ಮಾಷ್ಟ್ರೆ", ಕೂತುಕೊಳ್ಳಿ ಎಂದ ಕಂಡಕ್ಟರ್. ಬೈರಾಸು ಇದೆಯಲ್ಲ ಎಂದೆ. ಅವನಿಗೆ ಪ್ರಶ್ನೆಯ ಆಳ ತಿಳಿಯಲಿಲ್ಲ, ಮುಂದೆ ಹೋದ.

ವೇಣೂರು ಬಂದರೂ ನಾನು 'ತಕ್ಕ ಹೊತ್ತಿ'ನಲ್ಲೇ ಇದ್ದೆ. ಈ ಊರಿನಲ್ಲಿ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ ಇನ್ನೂ ನಿಂತೇ ಇದ್ದಾನೆ. ರಾಜ್ಯ ಬಿಟ್ಟರೂ, ಅಣ್ಣ ಭರತನ ನೆಲದಲ್ಲಿ ನಿಂತಿದ್ದೇನೆಂಬ ಮುಳ್ಳು ಚುಚ್ಚಿ ಅವನಿಗೆ ಜ್ಞಾನ ತಡವಾಯಿತಂತೆ. ನಾನೂ ಬೈರಾಸಿನವನ ನೆಲದಲ್ಲೇ ನಿಂತಿದ್ದೆನಲ್ಲ! ಮೂಡುಬಿದಿರೆಯ ಕವಿ ರತ್ನಾಕರವರ್ಣಿ ಜಾಣ. 'ಭರತೇಶ ವೈಭವ'ದ ಭರತ ಸಿಂಹಾಸನದಲ್ಲಿ ಕೂತುಕೊಂಡೇ ಯೋಗಿ.

ಅಷ್ಟರಲ್ಲಿ ಬೀಡಿ ಎಲೆಯ ಚೀಲ ಹಿಡಿದ ಹೆಂಗಸೊಬ್ಬಳು ಹತ್ತಿದಳು. ಬೈರಾಸು ಎತ್ತಿ ಸೀಟಿನ ಮಳೆನೀರು ಒರೆಸಿ, ಹಿಂಡಿ, "ಇಕೊಳ್ಳಿ ನಿಮ್ಮದು" ಎಂದು ನನ್ನ ಕೈಗಿಟ್ಟು ಕೂತೇಬಿಟ್ಟಳು.

ಗುರುವಾಯನಕೆರೆಯಲ್ಲಿ, ಇಷ್ಟು ಹೊತ್ತೂ ಫುಟ್‌ಬೋರ್ಡಿನಲ್ಲಿ ಹರಟುತ್ತಿದ್ದವನೊಬ್ಬ ಒಳಗೆ ಬಂದ. ನನ್ನ ಕೈ ನೋಡಿದ, ಶಾಲು ನೋಡಿದ. "ಹಿರಿಯರು ಅಂತ ಸುಮ್ಮನಿದ್ದೇನೆ" ಎಂದು ಸುಮ್ಮನಿರದೆ ಎರಡು ಮಾತು ಆಡಿ, ಒದ್ದೆ ಬೈರಾಸು ಕಿತ್ತುಕೊಂಡು ಇಳಿದ. ಕಾರಣ ಸರಿ, ರೀತಿ ಸರಿ, ಹೊತ್ತು ಸರಿ, ಅವಧಿಯಂತೂ ಚೊಕ್ಕ. ವ್ಯಕ್ತಿ ಮಾತ್ರ ತಪ್ಪು. ಐದಕ್ಕೆ ನಾಲ್ಕು ಕೊಟ್ಟೆ.